ಅಪ್ಪನ ಜೋಡುನಳಿಗೆ ಕೋವಿ ನನ್ನ ಹೆಸರಿಗೆ ಬಂತು. ಎಲ್ಲಿಂದ ಶುರು ಮಾಡಲಿ?

ಮೂಡಿಗೆರೆ ತೋಟದವ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ, ಎರಡು ವರ್ಷದ ಹಿಂದೆ ತೋಟಕ್ಕೆ ವಾಪಸ್ ಬಂದೆ. ಅಪ್ಪನಿಗೆ 70 ದಾಟಿತು, ಕೈ ನಡುಗುತ್ತದೆ. ಹಾಗಾಗಿ ಕೋವಿಯ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಂಡೆವು. ಕಳೆದ ತಿಂಗಳು ಪುಸ್ತಕ ಕೈಗೆ ಬಂತು.

ಕೋವಿ 12 ಬೋರ್ (ಅದು ನಳಿಗೆಯ ಒಳಗಾತ್ರದ ಹೆಸರು), ಜೋಡುನಳಿಗೆ. ತಾತನ ಕಾಲದ್ದು. ನಾನು ಇವತ್ತಿನವರೆಗೆ ಒಂದು ಈಡೂ ಹೊಡೆದಿಲ್ಲ. ಚಿಕ್ಕವನಿದ್ದಾಗ ಮುಟ್ಟಿದರೆ ಬೈಗುಳ, ದೊಡ್ಡವನಾದ ಮೇಲೆ ಊರಲ್ಲೇ ಇರಲಿಲ್ಲ. ಈಗ ಕೋವಿ ಬೀರುವಿನ ಹಿಂದೆ ಇದೆ, ತೋಟಾ, ಅಂದರೆ ಕೋವಿಗೆ ಹಾಕುವ ಕಾರ್ಟ್ರಿಜ್, ಬೀರುವಿನ ಮೇಲೆ ಬಿಸ್ಕೆಟ್ ಡಬ್ಬಿಯಲ್ಲಿ ಇದೆ. ಮನೆಯಲ್ಲಿ ಆರು ವರ್ಷದ ಮಗಳಿದ್ದಾಳೆ. ನನ್ನ ಹೆಂಡತಿ ಆ ಕೋಣೆಗೇ ಹೋಗುವುದಿಲ್ಲ.

ಇದನ್ನೇ ಇಟ್ಟುಕೊಳ್ಳಲಾ, ಹೊಸದು ತೆಗೆದುಕೊಳ್ಳಲಾ? ಅಭ್ಯಾಸ ಎಲ್ಲಿ ಮಾಡುವುದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೋವಿ ರಿಪೇರಿ

ಮೊದಲು ಒಂದು ಮಾತು. ಆ ಕೋವಿಯಿಂದ ಸದ್ಯಕ್ಕೆ ಒಂದು ತೋಟಾನೂ ಹೊಡೆಯಬೇಡಿ. ನಾನು ಲೈಸೆನ್ಸ್ ಇರುವ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುವವನು. ಹೀಗೆ ತಾತನ ಕಾಲದ ಕೋವಿ ವರ್ಷಕ್ಕೆ ಹತ್ತಾರು ನೋಡುತ್ತೇನೆ.

ಕೋವಿಯನ್ನು ನಡುವೆ ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳು ಹಾಕಿಯೂ ನೋಡಿ. ಆಮೇಲೆ ನಳಿಗೆಯನ್ನು ಬೆಳಕಿಗೆ ಹಿಡಿಯಿರಿ. ನಮ್ಮ ಮಲೆನಾಡಿನಲ್ಲಿ ಕುಂಬಾರ ಹುಳದ ಕಾಟ ಗೊತ್ತಲ್ವಾ, ಕಿಟಕಿ ಸಂದಿ, ಪೈಪು, ಕೀಲಿ ತೂತು ಎಲ್ಲ ಕಡೆ ಮಣ್ಣಿನ ಗೂಡು ಕಟ್ಟುತ್ತದೆ. ನಳಿಗೆಯನ್ನೂ ಬಿಡುವುದಿಲ್ಲ. ಒಮ್ಮೆ ಒಬ್ಬರು ಗೋಣಿಚೀಲದಲ್ಲಿ ಸುತ್ತಿಕೊಂಡು ಒಂದು ಕೋವಿ ತಂದರು. ಮಳೆಗಾಲ ಪೂರ್ತಿ ಅಟ್ಟದಲ್ಲಿತ್ತಂತೆ. ತೆಗೆದು ನೋಡದೆ ಹಾಗೇ ತೋಟಾ ಹಾಕಿ ಹೊಡೆದಿದ್ದರು. ಬಲನಳಿಗೆಯ ತುದಿ ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ನಾಲ್ಕು ಸೀಳಾಗಿತ್ತು. ಎಡಗೈ ಎರಡು ಬೆರಳಿಗೆ ಬ್ಯಾಂಡೇಜ್. ಸೀಳಿನ ಒಳಗೆ ಇನ್ನೂ ಕೆಂಪು ಮಣ್ಣು ಅಂಟಿಕೊಂಡಿತ್ತು.

ಎರಡನೆಯದು ತೋಟಾ ಕೂರುವ ಜಾಗದ ಉದ್ದ. ಹಳೇ ಕೋವಿಗಳಲ್ಲಿ ಜಾಸ್ತಿ 65 ಎಂಎಂ ಅಂದರೆ ಎರಡೂವರೆ ಇಂಚು ಇರುತ್ತದೆ. ಈಗ ಸಿಗುವ ತೋಟಾಗಳಲ್ಲಿ 70 ಎಂಎಂ ಬಹಳ. 70ರ ತೋಟಾ 65ರ ಕೋವಿಯಲ್ಲಿ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚಿಕೊಳ್ಳುತ್ತದೆ. ಅದಕ್ಕೇ ಜನ ಮೋಸ ಹೋಗುವುದು. 70 ಅನ್ನುವುದು ಈಡು ಹೊಡೆದ ಮೇಲೆ ತೋಟಾದ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಬಿಚ್ಚಿಕೊಳ್ಳಲು ಜಾಗ ಇಲ್ಲದಿದ್ದರೆ ಒಳಗೆ ಒತ್ತಡ ಏರುತ್ತದೆ. ಹಳೇ ಕಬ್ಬಿಣ ಅದನ್ನು ಎಷ್ಟು ದಿನ ತಡೆಯುತ್ತದೆ ಅಂತ ಯಾರೂ ಹೇಳಲಾಗುವುದಿಲ್ಲ. ನಳಿಗೆ ಬಿಚ್ಚಿದಾಗ ಅಡಿಯಲ್ಲಿ ಮುದ್ರೆಗಳು ಕಾಣುತ್ತವೆ, ಅಲ್ಲಿ ಉದ್ದ ಬರೆದಿರಬಹುದು. ಓದಲು ಬರದಿದ್ದರೆ ಊಹೆ ಬೇಡ, ಅಳತೆ ಮಾಡಿಸಿ.

ಮೂರನೆಯದು, ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆ, ಮರದ ಎಳೆಯ ಹಾಗೆ ಕಾಣುತ್ತದಾ? ಹಾಗಿದ್ದರೆ ಅದು ಡಮಾಸ್ಕಸ್ ನಳಿಗೆ. ಪಟ್ಟಿ ಸುತ್ತಿ ಬೆಸೆದು ಮಾಡಿದ್ದು, ಜಾಸ್ತಿ ಕರಿಮದ್ದಿನ ಕಾಲದ ಕೆಲಸ. ಅದಕ್ಕೆ ಈಗಿನ ತೋಟಾ ಬೇಡವೇ ಬೇಡ. ಒರೆಸಿ, ಎಣ್ಣೆ ಹಚ್ಚಿ, ನೆನಪಿಗೆ ಇಟ್ಟುಕೊಳ್ಳಿ.

ಮೂಡಿಗೆರೆ ತೋಟದವ

ಈಗಷ್ಟೇ ಟಾರ್ಚ್ ಬಿಟ್ಟು ನೋಡಿದೆ ಸರ್. ಗೂಡು ಇಲ್ಲ. ಸುರುಳಿ ಗೆರೆಯೂ ಇಲ್ಲ. ಎಡನಳಿಗೆಯಲ್ಲಿ ಅರ್ಧ ದಾರಿಗೆ ಸಣ್ಣ ನೆರಳಿನ ಹಾಗೆ ಕಾಣುತ್ತದೆ. ತೋಟಾ ಡಬ್ಬಿಯಲ್ಲಿ 65 ಇರುವ ಶಕ್ತಿಮಾನ್ ಎಕ್ಸ್‌ಪ್ರೆಸ್ ಏಳು, 70 ಇರುವುದು ನಾಲ್ಕು, ಎಲ್ಲಾ ಒಟ್ಟಿಗೇ ಇವೆ.

ಕೋವಿ ರಿಪೇರಿ

ನೆರಳು ಕಂಡರೆ ಅದು ತಗ್ಗು. ಎಲ್ಲಿಯೋ ಬಡಿದಿದೆ. ಸರಿ ಮಾಡಬಹುದು, ಆದರೆ ತಗ್ಗು ಇರುವಾಗ ಹೊಡೆಯುವ ಹಾಗಿಲ್ಲ. ನಾಲ್ಕು 70 ತೋಟಾ ಇವತ್ತೇ ಬೇರೆ ಮಾಡಿ. ಹಳೇ ತೋಟಾ ಉಬ್ಬಿದ್ದರೆ, ಹಿತ್ತಾಳೆ ಹಸಿರಾಗಿದ್ದರೆ ಅವನ್ನೂ ತೆಗೆದಿಡಿ. ಒಲೆಗೆ ಹಾಕುವುದು, ಹಳ್ಳಕ್ಕೆ ಎಸೆಯುವುದು ಮಾಡಬೇಡಿ. ಕೋವಿ ಪರೀಕ್ಷೆಗೆ ಒಯ್ಯುವಾಗ ಲೈಸೆನ್ಸ್ ಪುಸ್ತಕದ ಜೊತೆಗೇ ಅಂಗಡಿಗೆ ಒಯ್ದು, ಏನು ಮಾಡಬೇಕು ಅಂತ ಕೇಳಿ.

ಸಿಟಿ ಹುಡುಗ

ಇಷ್ಟೆಲ್ಲ ತಾಪತ್ರಯ ಯಾಕೆ? ಹಳೇದು ಮಾರಿ ಒಂದು .32 ಪಿಸ್ತೂಲ್ ತೆಗೆದುಕೊಳ್ಳಿ. ಚಿಕ್ಕದು, ಸುಲಭ.

ರಿಸರ್ವ್ ನಿವೃತ್ತ

ತಮ್ಮಾ, ಚಿಕ್ಕದು ಅಂದರೆ ಸುಲಭ ಅಲ್ಲ. ನಾನು ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿದ್ದವನು. ಫೈರಿಂಗ್ ರೇಂಜ್‌ನಲ್ಲಿ ಹೊಸಬರ ಬೆನ್ನ ಹಿಂದೆ ನಿಂತು ನಿಂತು ಅರ್ಧ ಸರ್ವಿಸ್ ಕಳೆದಿದ್ದೇನೆ. ನನಗೆ ಅತಿ ಹೆಚ್ಚು ಬೆವರು ತರಿಸಿದ್ದು ಪಿಸ್ತೂಲು. ಉದ್ದ ಕೋವಿ ಹಿಡಿದವನು ಪಕ್ಕಕ್ಕೆ ತಿರುಗಬೇಕಾದರೆ ಇಡೀ ಮೈ ತಿರುಗಿಸಬೇಕು, ನಮಗೆ ಕಾಣುತ್ತದೆ. ಪಿಸ್ತೂಲಿಗೆ ಮಣಿಕಟ್ಟು ತಿರುಗಿದರೆ ಸಾಕು. "ಸರ್, ಗುಂಡು ಹಾರ್ತಿಲ್ಲ" ಅಂತ ಹೊಸಬ ಪಿಸ್ತೂಲ್ ಹಿಡಿದುಕೊಂಡೇ ನನ್ನ ಕಡೆ ತಿರುಗಿದ್ದು ಒಂದೆರಡು ಸಲ ಅಲ್ಲ. ಮೊದಲ ಆಯುಧವಾಗಿ ಪಿಸ್ತೂಲು ಬೇಡ ಅಂತಲೇ ನಾನು ಹೇಳುವುದು. ತೋಟದ ಮನೆಯವರಿಗೆ 12 ಬೋರ್ ಸರಿಯಾಗಿದೆ. ಮಡಚಿದರೆ ಖಾಲಿಯೋ ತುಂಬಿದೆಯೋ ಹತ್ತು ಅಡಿ ದೂರದಿಂದಲೂ ಗೊತ್ತಾಗುತ್ತದೆ. ಅಷ್ಟು ಪ್ರಾಮಾಣಿಕ ಆಯುಧ ಬೇರೆ ಇಲ್ಲ.

ಕಾನೂನು ಚಿಕ್ಕದಾಗಿ ಹೇಳುತ್ತೇನೆ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಯಿತು. ಈಗ ಒಬ್ಬರ ಲೈಸೆನ್ಸಿಗೆ ಎರಡೇ ಆಯುಧ, ಮೊದಲು ಮೂರಿತ್ತು. ಲೈಸೆನ್ಸ್ ಅವಧಿ ಐದು ವರ್ಷ. ನವೀಕರಣದ ತಾರೀಕು ಕ್ಯಾಲೆಂಡರಿನಲ್ಲಿ ಬರೆದಿಡಿ. ಚುನಾವಣೆ ಬಂದಾಗ ಠೇವಣಿ ಇಡಲು ಆದೇಶ ಬಂದರೆ ಇಟ್ಟು ರಸೀದಿ ತೆಗೆದುಕೊಳ್ಳಿ. ನಿಮ್ಮ ಕೋವಿಯನ್ನು ತೋಟದ ಲೆಕ್ಕ ನೋಡುವ ರೈಟರ್ ಕೈಗೋ ಕಾವಲುಗಾರನ ಕೈಗೋ ಸುಮ್ನೆ "ಒಂದು ರಾತ್ರಿ ಇಟ್ಕೋ" ಅಂತ ಕೊಡುವ ಹಾಗಿಲ್ಲ. ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಬೇಟೆಗೆ ಅನುಮತಿ ಇದೆ ಅಂತಲೂ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆಯೇ ಇದೆ. ಹಂದಿ ಬಂತು, ನವಿಲು ಬಂತು ಅಂತ ಹೊಡೆದರೆ ಕೇಸು ನಿಮ್ಮ ಮೇಲೆ.

ಇನ್ನು ಅಭ್ಯಾಸ. ಕೋವಿ ರಿಪೇರಿಗೆ ಹೋಗಿ ಬರುವಷ್ಟರಲ್ಲಿ ನಿಮ್ಮ ಜಿಲ್ಲಾ ಪೊಲೀಸ್ ಕಚೇರಿಯಲ್ಲಿ ನಾಗರಿಕ ಬಂದೂಕು ತರಬೇತಿ ಶಿಬಿರ ಯಾವಾಗ ಅಂತ ವಿಚಾರಿಸಿ. ಬಿಚ್ಚುವುದು, ಜೋಡಿಸುವುದು, ಮಲಗಿ ಗುರಿ ಇಡುವುದು, ಕೊನೆಗೆ ರೇಂಜ್‌ನಲ್ಲಿ ಗುಂಡು ಹೊಡೆಯುವುದು, ಎಲ್ಲ ಕಲಿಸಿ ಪ್ರಮಾಣಪತ್ರ ಕೊಡುತ್ತಾರೆ.

ಮನೆಯಲ್ಲಿ ಮಾಡುವುದು ಇದು. ತೋಟಾ ಇರುವ ಕೋಣೆಯಲ್ಲಿ ಅಭ್ಯಾಸ ಇಲ್ಲ. ತೋಟಾಕ್ಕೆ ಬೀಗ ಹಾಕಿ, ಬೇರೆ ಕೋಣೆಗೆ ಬನ್ನಿ. ಕೋವಿ ಮಡಚಿ, ನೋಡಿ, ಬೆರಳು ಹಾಕಿ. ಮದ್ದಿಲ್ಲದ ಡಮ್ಮಿ ತೋಟಾ ಎರಡು ತರಿಸಿಕೊಳ್ಳಿ, ಹಳೇ ಕೋವಿಯನ್ನು ಖಾಲಿ ಹೊಡೆದರೆ ತೋಟಾಕ್ಕೆ ಬಡಿಯುವ ಪಿನ್ ಮುರಿಯಬಹುದು. ಗೋಡೆಯ ಆಚೆ ಯಾರೂ ಇಲ್ಲದ ದಿಕ್ಕಿಗೆ ನಿಲ್ಲಿ. ಈಗ ಕೋವಿ ಎತ್ತಿ. ಕೋವಿಯ ಬಟ್, ಅಂದರೆ ಹಿಂದಿನ ಮರದ ಭಾಗ, ಮೊದಲು ಕೆನ್ನೆಗೆ ಬರಬೇಕು, ಆಮೇಲೆ ಭುಜದ ಗುಳಿಗೆ ಕೂರಬೇಕು. ಹೊಸಬರು ಕೋವಿ ಭುಜಕ್ಕಿಟ್ಟು ಆಮೇಲೆ ತಲೆ ಬಗ್ಗಿಸುತ್ತಾರೆ. ಹಾಗೆ ಮಾಡಿದರೆ ಕೆನ್ನೆಗೆ ಪೆಟ್ಟು, ಗುರಿಯೂ ಮೇಲೆ. ಬೆರಳು ಟ್ರಿಗರ್ ಗಾರ್ಡ್‌ನ ಹೊರಗೆ ನೇರವಾಗಿ ಚಾಚಿರಲಿ. ದಿನಕ್ಕೆ ಹದಿನೈದು ನಿಮಿಷ, ಒಂದು ತಿಂಗಳು. ಕಣ್ಣು ಮುಚ್ಚಿ ಎತ್ತಿ, ತೆರೆದು ನೋಡಿದಾಗ ನಳಿಗೆಗಳ ನಡುವಿನ ಪಟ್ಟಿಯ ಮೇಲೆ, ತುದಿಯಲ್ಲಿರುವ ಗುರಿಯ ಮಣಿ ನೇರ ಕಾಣಬೇಕು. ಅಲ್ಲಿಯವರೆಗೆ ತೋಟಾ ಖರ್ಚು ಮಾಡಬೇಡಿ.

ನಿಮ್ಮ ಯಾವ ಕಣ್ಣು ಮೇಲುಗೈ ಅಂತಲೂ ನೋಡಿಕೊಳ್ಳಿ. ಎರಡೂ ಕೈ ಚಾಚಿ, ಹಸ್ತಗಳ ನಡುವೆ ಸಣ್ಣ ಕಿಂಡಿ ಬಿಟ್ಟು, ದೂರದ ಒಂದು ಅಡಿಕೆ ಮರದ ತುದಿ ನೋಡಿ. ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಮರ ಮಾಯವಾಗುತ್ತದೋ ಅದೇ ನಿಮ್ಮ ಗುರಿಯ ಕಣ್ಣು. ಬಲಗೈಯವರಿಗೆ ಎಡಗಣ್ಣು ಮೇಲುಗೈ ಆಗಿದ್ದರೆ ಶಿಬಿರದಲ್ಲಿ ಮೊದಲೇ ಹೇಳಿ.

ಹತ್ತು ಮೀಟರ್

ನಾನು ಬೆಂಗಳೂರಿನಲ್ಲಿ ಏರ್ ರೈಫಲ್ ಅಭ್ಯಾಸ ಮಾಡುವವಳು. ಸರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಿಮಗೆ ಸಾಧ್ಯ ಇದ್ದರೆ ಎರಡು ತಿಂಗಳು ಯಾವುದಾದರೂ ರೇಂಜ್‌ನಲ್ಲಿ 10 ಮೀಟರ್ ಏರ್ ರೈಫಲ್ ಕಲಿಯಿರಿ. 4.5 ಎಂಎಂ ಬೋರ್, 20 ಜೂಲ್ ಒಳಗಿನ ಏರ್ ರೈಫಲಿಗೆ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದು ಆಟಿಕೆ ಅಲ್ಲ, ಕಣ್ಣು ಹೋಗುತ್ತದೆ.

ಆ ಗುರಿಹಲಗೆಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ. ಪೆನ್ನಿನ ತುದಿ ಇಟ್ಟ ಹಾಗೆ. ನಿಂತುಕೊಂಡು ಅದಕ್ಕೆ ಹೊಡೆಯುವಾಗ ಎದೆಬಡಿತವೇ ನಳಿಗೆಯಲ್ಲಿ ಕಾಣುತ್ತದೆ. ಟ್ರಿಗರನ್ನು ಎಳೆಯುವುದಲ್ಲ, ಬೆರಳಿನ ಮೆತ್ತನೆಯ ಭಾಗದಿಂದ ಒತ್ತುತ್ತಾ ಹೋಗುವುದು ಅಂತ ಅಲ್ಲಿ ಮೈಗೆ ಗೊತ್ತಾಗುತ್ತದೆ. ನನಗೆ ನಾಲ್ಕು ತಿಂಗಳು ಬೇಕಾಯಿತು.

12 ಬೋರ್‌ನಲ್ಲಿ ಹೊಸಬರನ್ನು ಕೆಡಿಸುವುದು ಹೆದರಿಕೆ. ಸದ್ದು, ಹಿಂದೊತ್ತು ಎರಡಕ್ಕೂ ಮೈ ಮೊದಲೇ ಕುಗ್ಗುತ್ತದೆ, ಕಣ್ಣು ಮುಚ್ಚಿಕೊಳ್ಳುತ್ತದೆ. ನಿಮಗೆ ಅದು ಇದೆಯಾ ಅಂತ ತಿಳಿಯಲು ರೇಂಜ್‌ನಲ್ಲಿ ಕಲಿಸುವವರ ಹತ್ತಿರ ಹೇಳಿ, ನೀವು ನೋಡದ ಹಾಗೆ ಅವರು ಒಮ್ಮೆ ಡಮ್ಮಿ, ಒಮ್ಮೆ ನಿಜದ ತೋಟಾ ಹಾಕಿ ಕೊಡಲಿ. ಡಮ್ಮಿ ಬಂದಾಗ ನಳಿಗೆ ಮುಂದಕ್ಕೆ ಕುಕ್ಕಿದರೆ ಹೆದರಿಕೆ ಇದೆ ಅಂತ ಅರ್ಥ. ಮತ್ತೆ ಖಾಲಿ ಅಭ್ಯಾಸಕ್ಕೆ ಹೋಗಿ. ಇದರಲ್ಲಿ ನಾಚಿಕೆ ಏನಿಲ್ಲ, ಎಲ್ಲರಿಗೂ ಬರುತ್ತದೆ.

ಕಿವಿಗೆ ಮಫ್ ಹಾಕದೆ ಒಂದು ಈಡೂ ಬೇಡ. 12 ಬೋರಿನ ಸದ್ದು 140 ಡೆಸಿಬೆಲ್ ಮೀರುತ್ತದೆ. ತೋಟದ ಕಡೆ ಹಿರಿಯರು ಎಷ್ಟು ಜನ ಒಂದು ಕಿವಿ ಕೇಳದೆ ಇದ್ದಾರೆ, ನೋಡಿ.

ನಾಪೋಕ್ಲು ಕಡೆಯವ

ಕೊಡಗಿನಿಂದ ಎರಡು ಮಾತು. ನಮ್ಮಲ್ಲಿ ಕೋವಿ ಮನೆಯ ಒಬ್ಬ ಸದಸ್ಯನ ಹಾಗೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ, 1861ರಿಂದ ನಡೆದುಕೊಂಡು ಬಂದಿದೆ. ಈಗಿನ ಆದೇಶ 2029ರ ಅಕ್ಟೋಬರ್‌ವರೆಗೆ ಇದೆ. 2021ರಲ್ಲಿ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಹೊರಗಿನವರು ಇದನ್ನು ಕೇಳಿ, ನಾವು ಹೇಗೆ ಬೇಕೋ ಹಾಗೆ ಹೊಡೆಯುತ್ತೇವೆ ಅಂದುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ನಾನು ಕಲಿತದ್ದು ಹೇಳುತ್ತೇನೆ.

ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಐನ್‌ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ನಡುಕೋಣೆ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಕೋವಿಗಳನ್ನು ಸಾಲಾಗಿ ಇಡುತ್ತಾರೆ. ನಳಿಗೆಗೆ ತೋಕ್‌ಪೂ ಸಿಕ್ಕಿಸುತ್ತಾರೆ. ಕೆಂಪು ಹಳದಿ ಬೆಂಕಿ ನಾಲಿಗೆಯ ಹಾಗಿರುವ ಹೂವು, ಹಾಡ್ಯದ (ಕುರುಚಲು ಕಾಡಿನ) ಅಂಚಿನಲ್ಲಿ ಆಗ ಮಾತ್ರ ಅರಳಿರುತ್ತದೆ. ಹಿಂದಿನ ಸಂಜೆ ನಾವು ಮಕ್ಕಳೆಲ್ಲ ಕೂತು ಕೋವಿ ಒರೆಸಬೇಕಿತ್ತು. ಅಜ್ಜ ಒಂದೊಂದೇ ಕೋವಿ ಮಡಚಿ ನಮ್ಮ ಕೈಗೆ ಕೊಡುತ್ತಿದ್ದರು. ನಾವು ತಿರುಗಿ ಮಡಚಿಯೇ ವಾಪಸ್ ಕೊಡಬೇಕು. ಮುಚ್ಚಿದ ಕೋವಿಯನ್ನು ಅವರು ಕೈ ಚಾಚಿ ತೆಗೆದುಕೊಳ್ಳುತ್ತಲೇ ಇರಲಿಲ್ಲ, ಸುಮ್ಮನೆ ನಮ್ಮ ಮುಖ ನೋಡುತ್ತಾ ಕೂರುತ್ತಿದ್ದರು. ಹಾಗೆ ಎರಡು ಸಲ ಆದರೆ ಸಾಕು, ಜನ್ಮಕ್ಕೆ ಮರೆಯುವುದಿಲ್ಲ. ನನ್ನ ಕೈಗೆ ತೋಟಾ ಬರುವುದಕ್ಕೆ ಮುಂಚೆ ಆರು ಕೈಲ್ ಪೊಳ್ದ್ ಹೀಗೆ ಕಳೆದಿತ್ತು.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಕಾಯಿಗಿಂತ ಮೊದಲು ಕಾಯಿಯ ಹಿಂದೆ ಏನಿದೆ ಅಂತ ನೋಡುತ್ತೇವೆ. .22 ರೈಫಲಿನ ಗುಂಡು ತಪ್ಪಿದರೆ ಒಂದು ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಬಲ್ಲದು. ಹಿಂದೆ ಎತ್ತರದ ಮಣ್ಣಿನ ಧರೆ ಇರಬೇಕು, ಆ ಕಡೆ ದಾರಿ ಇರಬಾರದು.

ಮದುವೆ ಮನೆಯಲ್ಲಿ, ಜಾತ್ರೆಯಲ್ಲಿ ಖುಷಿಗೆ ಗುಂಡು ಹಾರಿಸುವುದು ಬೇಡ. ಅದರಿಂದ ಬೇರೆಯವರ ಜೀವಕ್ಕೆ ಅಪಾಯ ಆದರೆ 2019ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲ ಎರಡೂ.

ಸಕಲೇಶಪುರ ಅಕ್ಕ

ಇಲ್ಲಿ ಜಾಸ್ತಿ ಬರೆಯುವವಳಲ್ಲ ನಾನು. ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ.

ನನ್ನ ತಮ್ಮನಿಗೆ ಆಗ 26. ರಾತ್ರಿ ಗದ್ದೆ ಕಾವಲಿಗೆ ಹೋಗಿ ಬೆಳಗಿನ ಜಾವ ಜೀಪಿನಲ್ಲಿ ಬಂದ. ಕೋವಿ ಹಿಂದಿನ ಸೀಟಿನಲ್ಲಿ ಅಡ್ಡ ಇತ್ತು. ತೋಟಾ ತೆಗೆದಿರಲಿಲ್ಲ. ಇಳಿದು, ಹಿಂದಿನಿಂದ ನಳಿಗೆ ಹಿಡಿದು ತನ್ನ ಕಡೆಗೆ ಎಳೆದ. ಸೀಟಿನ ಕಬ್ಬಿಣಕ್ಕೆ ಟ್ರಿಗರ್ ಸಿಕ್ಕಿತು. ಮೊಣಕಾಲಿನ ಮೇಲೆ ಈಡು ಬಿತ್ತು. ಘಾಟಿಯಲ್ಲಿ ಮಂಜು, ಆಸ್ಪತ್ರೆ ಮುಟ್ಟುವಾಗ ಎರಡೂವರೆ ಗಂಟೆ ಆಗಿತ್ತು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅವನು ಎಂಟು ವರ್ಷದಿಂದ ಕೋವಿ ಹಿಡಿಯುತ್ತಿದ್ದ, ಹೊಸಬ ಅಲ್ಲ. ಹಾರುವ ಹಕ್ಕಿಯ ಹಾಗೆ ಎಸೆದ ಡಬ್ಬಿಗೆ ಹೊಡೆಯುತ್ತಿದ್ದ. ಗುರಿ ಕಲಿತಿದ್ದ, ಇಳಿಸುವುದು ಕಲಿತಿರಲಿಲ್ಲ.

ಗಾಡಿ ಹತ್ತುವ ಮೊದಲು, ಬೇಲಿಯ ತಡಮೆ ದಾಟುವ ಮೊದಲು, ಮನೆ ಮೆಟ್ಟಿಲು ಹತ್ತುವ ಮೊದಲು ತೋಟಾ ಹೊರಗೆ ತೆಗೆಯಿರಿ. ನಳಿಗೆ ಹಿಡಿದು ಯಾವತ್ತೂ ನಿಮ್ಮ ಕಡೆ ಎಳೆಯಬೇಡಿ.

ಇನ್ನೊಂದು. ನಿಮ್ಮ ಹೆಂಡತಿಯ ಭಯವನ್ನು ತಳ್ಳಿಹಾಕಬೇಡಿ ತಮ್ಮಾ. ಅವರನ್ನು ಕೂರಿಸಿಕೊಂಡು ಕೋವಿ ಹೇಗೆ ಮಡಚುವುದು, ಖಾಲಿ ಇದೆಯಾ ಅಂತ ಹೇಗೆ ನೋಡುವುದು, ಅಷ್ಟನ್ನು ನಿಮ್ಮ ಎದುರಿಗೇ ತೋರಿಸಿ. ಬೀರುವಿನ ಹಿಂದೆ ಇಡುವುದು ಇವತ್ತೇ ನಿಲ್ಲಲಿ. ಕಬ್ಬಿಣದ ಪೆಟ್ಟಿಗೆ ಗೋಡೆಗೆ ಬೋಲ್ಟ್ ಮಾಡಿಸಿ. ತೋಟಾ ಬೇರೆ ಪೆಟ್ಟಿಗೆ, ಬೇರೆ ಬೀಗ. ಮಕ್ಕಳಿಗೆ ಅಡಗಿಸಿಟ್ಟ ಜಾಗ ಗೊತ್ತಿಲ್ಲ ಅಂತ ನಾವು ಅಂದುಕೊಳ್ಳುತ್ತೇವೆ, ಅಷ್ಟೇ.

ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ, ಸಾಲ, ಬೆಳೆ ನಷ್ಟ, ಜಗಳ ಏನೇ ಇರಲಿ, ಕೋವಿಯನ್ನು ಅವತ್ತೇ ಲೈಸೆನ್ಸ್ ಇರುವ ಅಂಗಡಿಯಲ್ಲೋ ಠಾಣೆಯಲ್ಲೋ ಇಟ್ಟು ರಸೀದಿ ತನ್ನಿ. ಯಾರು ಏನು ಅಂದುಕೊಳ್ಳುತ್ತಾರೋ ಅಂತ ನೋಡಬೇಡಿ. ನಮ್ಮ ಪಕ್ಕದ ತೋಟದಲ್ಲಿ ಹಾಗೆ ಇಟ್ಟಿದ್ದರಿಂದ ಒಬ್ಬರು ಇವತ್ತು ಮೊಮ್ಮಕ್ಕಳ ಜೊತೆ ಇದ್ದಾರೆ.

ಮೂಡಿಗೆರೆ ತೋಟದವ

ಅಕ್ಕಾ, ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ಪೆಟ್ಟಿಗೆ ಇವತ್ತೇ ಹೇಳಿ ಬಂದೆ. ಬಿಸ್ಕೆಟ್ ಡಬ್ಬಿ ಅಪ್ಪನ ಗೋದ್ರೆಜ್ ಬೀರುವಿನ ಒಳಲಾಕರಿಗೆ ಹೋಯಿತು.

ಆನೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ವಾರಕ್ಕೊಮ್ಮೆ ಬರುತ್ತವೆ.

ರಿಸರ್ವ್ ನಿವೃತ್ತ

ಆನೆಗೆ ಕೋವಿ ಎತ್ತಲೇಬೇಡಿ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ತಗುಲಿದರೆ ಆನೆ ಸಾಯುವುದಿಲ್ಲ, ಗಾಯ ಕೀವಾಗಿ ನೋವಿನಿಂದ ಸಿಟ್ಟಾಗಿ ತಿರುಗುತ್ತದೆ. ಮಾರನೇ ಬೆಳಿಗ್ಗೆ ಅದರ ಎದುರಿಗೆ ಸಿಗುವುದು ಕೆಲಸಕ್ಕೆ ಬರುವ ಹೆಂಗಸರು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ನಂಬರ್ ಫೋನಿನಲ್ಲಿ ಮೊದಲು ಇರಲಿ. ರಾತ್ರಿ ಟಾರ್ಚಿಗೆ ಕಣ್ಣು ಮಿಂಚಿತು ಅಂತ ಯಾವುದಕ್ಕೂ ಹೊಡೆಯಬೇಡಿ. ಕಾಫಿ ಗಿಡದ ಸಂದಿಯಲ್ಲಿ ಅಲುಗಾಡುವುದು ಹಂದಿ ಅಂದುಕೊಂಡು ಮನುಷ್ಯನಿಗೆ ಹೊಡೆದ ಕೇಸು ನಮ್ಮ ಜಿಲ್ಲೆಗಳಲ್ಲಿ ಮತ್ತೆ ಮತ್ತೆ ಆಗಿದೆ. ಪೂರ್ತಿ ದೇಹ, ಅದರ ಹಿಂದಿನ ಜಾಗ, ಎರಡೂ ಕಾಣದಿದ್ದರೆ ಬೆರಳು ಹೊರಗೇ ಇರಲಿ.

ಮೂಡಿಗೆರೆ ತೋಟದವ (ಎರಡೂವರೆ ತಿಂಗಳ ನಂತರ)

ಎಲ್ಲರಿಗೂ ಸುದ್ದಿ ಹೇಳಬೇಕಿತ್ತು. ಕೋವಿ ಅಳತೆ ಮಾಡಿಸಿದೆ, 65 ಎಂಎಂ. ಆ ನಾಲ್ಕು ತೋಟಾ ಅಂಗಡಿಯವರಿಗೆ ಒಪ್ಪಿಸಿದೆ. ಎಡನಳಿಗೆಯ ತಗ್ಗು ತೆಗೆದಿದ್ದಾರೆ. ಪೊಲೀಸ್ ಶಿಬಿರ ಮುಗಿಸಿ ಪ್ರಮಾಣಪತ್ರ ತಂದೆ.

ಖಾಲಿ ಅಭ್ಯಾಸ ಮಾಡುವಾಗ ಅಪ್ಪ ಈಜಿಚೇರಿನಲ್ಲಿ ಕೂತು ನೋಡುತ್ತಿದ್ದರು. ಮೊದಲ ವಾರ ಏನೂ ಹೇಳಲಿಲ್ಲ. ಎರಡನೇ ವಾರ ಎದ್ದು ಬಂದು ನನ್ನ ಬಲಮೊಣಕೈಯನ್ನು ಒಂದಿಷ್ಟು ಮೇಲಕ್ಕೆ ಎತ್ತಿ, ಹೋಗಿ ಕೂತರು. ಭುಜದ ಗುಳಿ ಆಗ ಸಿಕ್ಕಿತು.

ಮೊನ್ನೆ ರೇಂಜ್‌ನಲ್ಲಿ 40 ಗಜದಿಂದ ದೊಡ್ಡ ಕಾಗದಕ್ಕೆ ಎರಡೂ ನಳಿಗೆ ಹೊಡೆದು ನೋಡಿದೆ. ಆರನೇ ನಂಬರ್ ಚರೆ. ಚರೆ ದಟ್ಟವಾಗಿ ಬಿದ್ದ ಜಾಗ ನೋಡಿಕೊಂಡು 30 ಇಂಚಿನ ಸುತ್ತು ಎಳೆದೆ. ಬಲನಳಿಗೆಯದು ಹರಡಿದೆ, ಸುತ್ತಿನ ಹೊರಗೂ ಬಹಳ ಬಿದ್ದಿವೆ. ಎಡನಳಿಗೆಯದು ಬಿಗಿ, ಆದರೆ ಗುರಿ ಇಟ್ಟ ಗುರುತಿಗಿಂತ ಒಂದು ಗೇಣು ಕೆಳಗೆ ಎಡಕ್ಕೆ ಹೋಗಿದೆ. ತಗ್ಗಿನಿಂದ ಹೀಗಾಗಿರಬಹುದಾ, ನನ್ನ ತಪ್ಪಾ?

ಕೋವಿ ರಿಪೇರಿ

ಬಲ ಹರಡುವುದು, ಎಡ ಬಿಗಿ ಇರುವುದು ಸರಿಯೇ. ಜೋಡುನಳಿಗೆ ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ಹತ್ತಿರದ್ದಕ್ಕೆ ಒಂದು, ದೂರದ್ದಕ್ಕೆ ಒಂದು. ಒಂದೇ ಈಡು ನೋಡಿ ತೀರ್ಮಾನ ಬೇಡ. ಅದೇ ನಳಿಗೆಯಿಂದ ಐದು ಕಾಗದ ಹೊಡೆಯಿರಿ. ಐದೂ ಒಂದೇ ಕಡೆ ಹೋದರೆ ಕೋವಿಯದ್ದು, ತಗ್ಗು ತೆಗೆದವರಿಗೇ ತೋರಿಸಿ. ಒಂದೊಂದು ಒಂದೊಂದು ಕಡೆ ಹೋದರೆ ನಿಮ್ಮದು. ಎಡನಳಿಗೆಯ ಹಿಂದಿನ ಟ್ರಿಗರಿಗೆ ಬೆರಳು ಹೋಗುವಾಗ ಮಣಿಕಟ್ಟು ತಿರುಗುತ್ತಿರಬಹುದು.

ನಳಿಗೆ ಅವತ್ತೇ ಒರೆಸಿದಿರಾ? ಜೂನ್ ಬರುವುದಕ್ಕೆ ಮುಂಚೆ ಪೂರ್ತಿ ಬಿಚ್ಚಿ ಒಮ್ಮೆ ಎಣ್ಣೆ ಮಾಡಿಸಿ. ಕೊಬ್ಬರಿ ಎಣ್ಣೆ ಹಚ್ಚಬೇಡಿ, ಗಟ್ಟಿಯಾಗಿ ಅಂಟಾಗುತ್ತದೆ. ಗನ್ ಆಯಿಲ್ ಸಾಕು, ತೆಳ್ಳಗೆ. ಚರ್ಮದ ಚೀಲದಿಂದ ಹೊರಗೆ ತೆಗೆದು ಪೆಟ್ಟಿಗೆಯಲ್ಲಿಡಿ, ಚರ್ಮ ತೇವ ಹಿಡಿಯುತ್ತದೆ. ಮಳೆ ಬಿಡುವವರೆಗೆ ಹದಿನೈದು ದಿನಕ್ಕೊಮ್ಮೆ ಮಡಚಿ, ಬೆಳಕಿಗೆ ಹಿಡಿದು ನೋಡಿ.

ಮೂಡಿಗೆರೆ ತೋಟದವ

ಒರೆಸಿದೆ ಸರ್, ಬಂದ ಕೂಡಲೇ. ಚಿಂದಿ ಬಟ್ಟೆ ಕತ್ತರಿಸಿ ಕೊಟ್ಟವಳು ನನ್ನ ಹೆಂಡತಿ. ಐದು ಕಾಗದ ಹೊಡೆದು ಮುಂದಿನ ವಾರ ಫೋಟೋ ಹಾಕುತ್ತೇನೆ.